ತೊಂಬತ್ತೈದು ಮಂದಿ ಕಂಡ ಗೋಲು

2013ರ ಅಕ್ಟೋಬರ್ 20, ಭಾನುವಾರ. ಐರ್ಲೆಂಡಿನ ಆಗ್ನೇಯ ತುದಿಯಲ್ಲಿರುವ ವೆಕ್ಸ್‌ಫರ್ಡ್ ಪಟ್ಟಣದ ಹೊರಗೆ ಫೆರಿಕ್ಯಾರಿಗ್ ಪಾರ್ಕ್ ಎಂಬ ಸಣ್ಣ ಮೈದಾನ. ಮಹಿಳೆಯರ ರಾಷ್ಟ್ರೀಯ ಲೀಗ್‌ನಲ್ಲಿ ಆ ದಿನ ಆತಿಥೇಯ ವೆಕ್ಸ್‌ಫರ್ಡ್ ಯೂತ್ಸ್ ತಂಡಕ್ಕೆ ಎದುರಾಗಿದ್ದದ್ದು ಡಬ್ಲಿನ್ ಕಡೆಯ ಪೀಮೌಂಟ್ ಯುನೈಟೆಡ್. ನೋಡಲು ಬಂದವರು 95 ಮಂದಿ ಎಂಬ ಲೆಕ್ಕವನ್ನು ಆಮೇಲೆ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆ ಮಧ್ಯಾಹ್ನ ಮಾತ್ರ ಅದು ಯಾರ ಗಮನಕ್ಕೂ ಬರುವಂಥ ಸಂಖ್ಯೆಯಾಗಿರಲಿಲ್ಲ. ಐರ್ಲೆಂಡಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯಕ್ಕೆ ಅಷ್ಟು ಜನ ಸೇರುವುದೇ ಆಗ ವಾಡಿಕೆಯಾಗಿತ್ತು.

ಮೈದಾನದ ಒಂದು ಬದಿಯಿಂದ ಕ್ರಾಸ್ ಬಂತು. ಪೆನಾಲ್ಟಿ ಆವರಣದ ಅಂಚಿನಲ್ಲಿ ನಿಂತಿದ್ದ ಪೀಮೌಂಟ್ ತಂಡದ ಸ್ಟ್ರೈಕರ್ ಸ್ಟೆಫನಿ ರೋಚ್ ಅವರ ಬೆನ್ನು ಗೋಲಿನ ಕಡೆಗಿತ್ತು. ಎದುರಾಳಿ ಹಿಂದೆಯೇ ಕಾವಲಿದ್ದರು. ಹಾರಿ ಬಂದ ಚೆಂಡನ್ನು ಮೊದಲ ಸ್ಪರ್ಶದಲ್ಲಿ ರೋಚ್ ಗಾಳಿಯಲ್ಲೇ ತಡೆದುಕೊಂಡರು. ಎರಡನೆಯ ಸ್ಪರ್ಶದಲ್ಲಿ ಅದನ್ನು ತಮ್ಮ ತಲೆಯ ಮೇಲಿಂದ, ಹಿಂದಿದ್ದ ಆಟಗಾರ್ತಿಯ ತಲೆಯ ಮೇಲಿಂದ ಹಿಂದಕ್ಕೆ ಎತ್ತಿಹಾಕಿದರು. ಗಿರ್ರನೆ ತಿರುಗಿ, ಚೆಂಡು ನೆಲ ಮುಟ್ಟುವ ಮೊದಲೇ ಎಡಗಾಲಿನಿಂದ ಬಾರಿಸಿದರು. ಗೋಲ್‌ಕೀಪರ್ ಹಾರಿದರೂ ಕೈಗೆ ಸಿಗದೆ ಚೆಂಡು ಬಲೆ ಸೇರಿತು. ಮೂರು ಸ್ಪರ್ಶ, ಎರಡೋ ಮೂರೋ ಸೆಕೆಂಡಿನ ಕೆಲಸ. ಅಷ್ಟು ಹೊತ್ತೂ ಚೆಂಡು ನೆಲಕ್ಕೆ ಬಿದ್ದಿರಲಿಲ್ಲ.

ಮೈದಾನದಲ್ಲಿ ಒಂದು ಕ್ಯಾಮೆರಾ ಓಡುತ್ತಿತ್ತು. ದೂರದರ್ಶನದ ವಾಹಿನಿಗೆ ಸೇರಿದ್ದಲ್ಲ. ನೇರಪ್ರಸಾರವಂತೂ ಇರಲೇ ಇಲ್ಲ. ಆ ಕ್ಯಾಮೆರಾ ಇಲ್ಲದೇ ಹೋಗಿದ್ದರೆ ಈ ಗೋಲು 95 ಮಂದಿಯ ನೆನಪಿನಲ್ಲಿ ಒಂದಷ್ಟು ಕಾಲ ಇದ್ದು ಮಾಸಿಹೋಗುತ್ತಿತ್ತು. ಐರ್ಲೆಂಡಿನ ಹೆಣ್ಣುಮಕ್ಕಳು ಅದಕ್ಕೂ ಮೊದಲು ನಾಲ್ಕು ದಶಕಗಳ ಕಾಲ ಹೊಡೆದ ಗೋಲುಗಳ ಗತಿ ಹೆಚ್ಚುಕಡಿಮೆ ಅದೇ ಆಗಿತ್ತು. ರೋಚ್ ಅವರ ಆಟದ ಬದುಕನ್ನು ಅರಿಯಬೇಕಾದರೆ ಮೊದಲು ಆ ನಾಲ್ಕು ದಶಕಗಳನ್ನು ತಿರುವಿ ನೋಡಬೇಕು.

ಯಾರೂ ಬರೆದಿಡದ ಆಟ

1921ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದು ಕಟ್ಟಳೆ ಹಾಕಿತು. ಫುಟ್‌ಬಾಲ್ ಹೆಣ್ಣಿಗೆ ತಕ್ಕ ಆಟವಲ್ಲ ಎಂಬುದು ಕೊಟ್ಟ ಕಾರಣ. ಹಿಂದಿನ ವರ್ಷವಷ್ಟೇ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಒಂದು ಪಂದ್ಯಕ್ಕೆ ಐವತ್ತು ಸಾವಿರಕ್ಕೂ ಮೀರಿ ಜನ ಸೇರಿದ್ದರು. ಆ ನಿಷೇಧ ಸುಮಾರು ಐದು ದಶಕ ಉಳಿಯಿತು.

ಐರ್ಲೆಂಡಿನ ಪರಿಸ್ಥಿತಿ ಇನ್ನೊಂದು ಬಗೆಯದು. ಅಲ್ಲಿ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ಎಂಬ ನಾಡಿನ ಆಟಗಳಿಗೇ ಮೊದಲ ಮಣೆ. ಬ್ರಿಟಿಷರಿಂದ ಬಿಡುಗಡೆಗಾಗಿ ನಡೆದ ಹೋರಾಟದ ಜೊತೆ ಬೆಸೆದುಕೊಂಡ ಆಟಗಳವು. ಹೆಣ್ಣುಮಕ್ಕಳಿಗೆ 1904ರಿಂದಲೇ ಕಮೋಗಿ ಎಂಬ ಕೋಲುಚೆಂಡಾಟವಿತ್ತು. ಸಾಕರ್, ಎಂದರೆ ನಾವು ಫುಟ್‌ಬಾಲ್ ಎನ್ನುವ ಆಟ, ಮುಖ್ಯವಾಗಿ ಡಬ್ಲಿನ್‌ನಂಥ ನಗರಗಳ ಕೂಲಿಕಾರ ಬಡಾವಣೆಗಳ ಆಟ, ಅದೂ ಗಂಡಸರದ್ದು. ಅದನ್ನು ಆಡಬಯಸಿದ ಹುಡುಗಿ ಕೇರಿಯ ಹುಡುಗರ ಗುಂಪಿಗೇ ಸೇರಿಕೊಳ್ಳಬೇಕಿತ್ತು.

ಐರ್ಲೆಂಡಿನ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1973ರ ಮೇ 13ರಂದು, ವೇಲ್ಸ್‌ನ ಲ್ಲಾನೆಲ್ಲಿಯಲ್ಲಿ. 3–2ರಿಂದ ಗೆದ್ದಿತು. ಮೂರೂ ಗೋಲು ಪೌಲಾ ಗೋರಮ್ ಅವರದ್ದು. ದೇಶದ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್! ಗಂಡಸರ ಆಟದಲ್ಲಿ ಇಂಥದ್ದು ನಡೆದಿದ್ದರೆ ಆ ಹೆಸರು ಶಾಲೆಯ ಮಕ್ಕಳ ಬಾಯಲ್ಲೂ ಇರುತ್ತಿತ್ತು. ಗೋರಮ್ ಅವರ ಹೆಸರನ್ನು ಐರ್ಲೆಂಡಿನವರೇ ದಶಕಗಟ್ಟಲೆ ಮರೆತಿದ್ದರು.

ಅದೇ ವರ್ಷ ಫ್ರಾನ್ಸಿನ ಸ್ಟಾಡ್ ದ ರೆನ್ಸ್ ಕ್ಲಬ್ ಡಬ್ಲಿನ್‌ನ ಇಂಚಿಕೋರ್ ಬಡಾವಣೆಯ ಆ್ಯನ್ ಓಬ್ರಿಯನ್ ಎಂಬ ಹದಿಹರೆಯದ ಹುಡುಗಿಯ ಆಟ ಮೆಚ್ಚಿ ತನ್ನ ತಂಡಕ್ಕೆ ಕರೆದೊಯ್ದಿತು. ಅಲ್ಲಿಂದ ಅವರು ಇಟಲಿಯ ಲಾಜಿಯೊ ಸೇರಿ, ಆ ದೇಶದ ಲೀಗ್‌ನಲ್ಲಿ ವರ್ಷಾನುಗಟ್ಟಲೆ ಆಡಿ ಹಲವು ಪ್ರಶಸ್ತಿ ಗೆದ್ದರು. ಇಷ್ಟಾದರೂ ತಮ್ಮ ದೇಶದ ಪರವಾಗಿ ಆಡಿದ್ದು ಬೆರಳೆಣಿಕೆಯ ಪಂದ್ಯಗಳಲ್ಲಿ. 2016ರಲ್ಲಿ ತೀರಿಕೊಂಡ ಮೇಲೆಯೇ ಹೊಸ ಪೀಳಿಗೆಯ ಅನೇಕರಿಗೆ ಇಂಥವರೊಬ್ಬರು ಇದ್ದರೆಂದು ತಿಳಿದದ್ದು.

ಆಮೇಲೆ ಬಂದವರು ಡಬ್ಲಿನ್ ಬಂದರಿನ ಮಗ್ಗುಲಿನ ಶೆರಿಫ್ ಸ್ಟ್ರೀಟ್‌ನ ಒಲಿವಿಯಾ ಓಟೂಲ್. 1991ರಲ್ಲಿ ಮೊದಲ ಬಾರಿ ದೇಶಕ್ಕೆ ಆಡಿದ ಈ ಸ್ಟ್ರೈಕರ್ 2009ರಲ್ಲಿ ನಿವೃತ್ತರಾಗುವ ಹೊತ್ತಿಗೆ 130 ಪಂದ್ಯಗಳಲ್ಲಿ 54 ಗೋಲು ಹೊಡೆದಿದ್ದರು. ಅದರಲ್ಲಿ ಎಷ್ಟು ಗೋಲುಗಳ ಚಿತ್ರೀಕರಣ ಇಂದು ನೋಡಲು ಸಿಗುತ್ತದೆ ಎಂದು ಹುಡುಕಿದವರಿಗೆ ನಿರಾಸೆಯೇ ಗತಿ. ಅಂಕಿಅಂಶದ ಪಟ್ಟಿಯಲ್ಲಿ 54 ಎಂಬ ಸಂಖ್ಯೆ ಇದೆ. ಆ ಗೋಲುಗಳು ಹೇಗಿದ್ದವೆಂದು ಹೇಳಬಲ್ಲವರು ಅಂದು ಮೈದಾನದಲ್ಲಿದ್ದವರು ಮಾತ್ರ.

ಶಾಂಕಿಲ್‌ನಿಂದ ಪೀಮೌಂಟ್‌ಗೆ

ಸ್ಟೆಫನಿ ರೋಚ್ ಹುಟ್ಟಿದ್ದು 1989ರ ಜೂನ್ 13ರಂದು. ಬೆಳೆದದ್ದು ಡಬ್ಲಿನ್‌ನ ದಕ್ಷಿಣಕ್ಕಿರುವ ಶಾಂಕಿಲ್‌ನಲ್ಲಿ. ಅವರು ದೊಡ್ಡವರಾಗುವ ಹೊತ್ತಿಗೆ ಓಟೂಲ್ ಇನ್ನೂ ದೇಶದ ಪರ ಗೋಲು ಹೊಡೆಯುತ್ತಲೇ ಇದ್ದರು. ಆದರೂ ಐರ್ಲೆಂಡಿನಲ್ಲಿ ದೇಶಮಟ್ಟದ ಮಹಿಳಾ ಲೀಗ್ ಎಂಬುದೇ ಇರಲಿಲ್ಲ. ಇದ್ದದ್ದು ಡಬ್ಲಿನ್ ಮತ್ತು ಸುತ್ತಲಿನ ಪ್ರಾದೇಶಿಕ ಕೂಟಗಳು. ಡಂಡಾಕ್ ಸಿಟಿ, ರಹೀನಿ ಯುನೈಟೆಡ್, ಪೀಮೌಂಟ್ ಎಂದು ರೋಚ್ ಆಡಿದ ತಂಡಗಳು ಅಂಥ ಕೂಟಗಳಲ್ಲೇ ಬೆಳೆದಂಥವು.

ಬದಲಾವಣೆಯ ಸುಳಿವು ಮೊದಲು ಸಿಕ್ಕಿದ್ದು 2010ರಲ್ಲಿ. ಐರ್ಲೆಂಡಿನ 17 ವರ್ಷದೊಳಗಿನ ಹುಡುಗಿಯರು ಯುರೋಪಿನ ಚಾಂಪಿಯನ್‌ಷಿಪ್ ಫೈನಲ್‌ವರೆಗೆ ಹೋಗಿ, ಸ್ಪೇನ್ ಎದುರು ಪೆನಾಲ್ಟಿಗಳಲ್ಲಿ ಸೋತರು. ಅದೇ ವರ್ಷ ಟ್ರಿನಿಡಾಡ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಇಷ್ಟು ಚೆನ್ನಾಗಿ ಆಡುವ ಹುಡುಗಿಯರಿಗೆ ಮುಂದೇನು ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದು ಇನ್ನು ಸಾಧ್ಯವಿರಲಿಲ್ಲ. 2011ರ ನವೆಂಬರ್‌ನಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ಶುರುವಾಯಿತು. ಮೊದಲ ಆವೃತ್ತಿ ಗೆದ್ದದ್ದು ಪೀಮೌಂಟ್. ಅದೇ ಋತುವಿನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್‌ನ ಕೊನೆಯ 32ರ ಸುತ್ತಿಗೆ ತಲುಪಿ ಪ್ಯಾರಿಸ್ ಸೇಂಟ್ ಜರ್ಮೇನ್ ಎದುರು ಆಡಿತು.

ಪೀಮೌಂಟ್ ದೊಡ್ಡ ಕ್ಲಬ್ಬೇನಲ್ಲ. ಡಬ್ಲಿನ್ ನಗರದ ಪಶ್ಚಿಮಕ್ಕೆ, ನ್ಯೂಕಾಸಲ್ ಎಂಬ ಊರಿನ ಬಳಿ ಗ್ರೀನೋಗ್‌ನಲ್ಲಿ ಅದರ ಮೈದಾನ. ಆದರೆ ಐರಿಷ್ ಮಹಿಳಾ ಫುಟ್‌ಬಾಲ್‌ನ ಚರಿತ್ರೆಯಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವ ಹೆಸರು ಇದು. ಆ ತಂಡದ ಮ್ಯಾನೇಜರ್ ಆಗಿದ್ದ ಐಲೀನ್ ಗ್ಲೀಸನ್ ಹೆಸರನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಯಲ್ಲಿ ಮುಂದೆ ಮತ್ತೆ ಬರುತ್ತಾರೆ.

ಲೀಗ್ ಬಂತೆಂದ ಮಾತ್ರಕ್ಕೆ ಸಂಬಳ ಬರಲಿಲ್ಲ. ಆಟಗಾರ್ತಿಯರಲ್ಲಿ ಯಾರೋ ಓದುತ್ತಿದ್ದರು, ಯಾರೋ ಕೆಲಸಕ್ಕೆ ಹೋಗುತ್ತಿದ್ದರು. ದುಡಿದು ಬಂದ ಮೇಲೆ ಸಂಜೆ ಅಭ್ಯಾಸ, ವಾರದ ಕೊನೆಗೆ ಪಂದ್ಯ. ಫೆರಿಕ್ಯಾರಿಗ್ ಪಾರ್ಕ್‌ನಲ್ಲಿ ಆ ಭಾನುವಾರ ಎರಡೂ ಕಡೆ ಆಡಿದವರು ಇಂಥವರೇ.

ಗೋಲು ಊರು ಬಿಟ್ಟು ಹೊರಟಿತು

ಆ ಗೋಲಿನ ತುಣುಕು ಯೂಟ್ಯೂಬ್ ಸೇರಿತು. ಒಬ್ಬರು ಇನ್ನೊಬ್ಬರಿಗೆ ಕಳಿಸಿದರು, ಅವರು ಮತ್ತೊಬ್ಬರಿಗೆ. ಕೆಲವೇ ದಿನಗಳಲ್ಲಿ ನೋಡಿದವರ ಸಂಖ್ಯೆ ಲಕ್ಷ ದಾಟಿತು, ಆಮೇಲೆ ಹತ್ತಾರು ಲಕ್ಷವಾಯಿತು. ಐರ್ಲೆಂಡಿನ ಮಹಿಳಾ ಲೀಗ್ ಎಂಬುದು ಇದೆಯೆಂದೇ ಅರಿಯದ ದೇಶಗಳ ಜನ ಆ ಮೂರು ಸ್ಪರ್ಶಗಳನ್ನು ಮತ್ತೆಮತ್ತೆ ಓಡಿಸಿ ನೋಡಿದರು.

ಹಂಗೆರಿಯ ಮಹಾನ್ ಆಟಗಾರ ಫೆರೆನ್ಸ್ ಪುಷ್ಕಾಷ್ ಹೆಸರಿನಲ್ಲಿ ವರ್ಷದ ಅತ್ಯುತ್ತಮ ಗೋಲಿಗೆ ಫಿಫಾ 2009ರಿಂದ ಪ್ರಶಸ್ತಿ ಕೊಡುತ್ತಿದೆ. 2014ರ ನವೆಂಬರ್‌ನಲ್ಲಿ ಹತ್ತು ಗೋಲುಗಳ ಪಟ್ಟಿ ಹೊರಬಿತ್ತು. ಅದರಲ್ಲಿ ಸ್ವೀಡನ್‌ನ ಇಬ್ರಾಹಿಮೊವಿಚ್, ಸ್ಪೇನ್‌ನ ಡಿಯಾಗೊ ಕೋಸ್ಟಾ, ಆಸ್ಟ್ರೇಲಿಯಾದ ಟಿಮ್ ಕೇಹಿಲ್ ಇದ್ದರು. ಅವರ ನಡುವೆ ಸ್ಟೆಫನಿ ರೋಚ್, ಆ ಪಟ್ಟಿಯ ಏಕೈಕ ಮಹಿಳೆ. ಆಗ ಗೆಲುವನ್ನು ತೀರ್ಮಾನಿಸುತ್ತಿದ್ದದ್ದು ಸಾರ್ವಜನಿಕರ ಮತ. ಡಿಸೆಂಬರ್ ಮೊದಲ ದಿನ ಹತ್ತು ಮೂರಾಯಿತು. ಉಳಿದವರು ಕೊಲಂಬಿಯಾದ ಹಾಮೆಸ್ ರೊಡ್ರಿಗಸ್, ನೆದರ್ಲೆಂಡ್ಸ್‌ನ ರಾಬಿನ್ ವಾನ್ ಪರ್ಸಿ, ಐರ್ಲೆಂಡಿನ ರೋಚ್. ಪುಷ್ಕಾಷ್ ಪ್ರಶಸ್ತಿಯ ಕೊನೆಯ ಮೂವರಲ್ಲಿ ಹೆಣ್ಣೊಬ್ಬರು ಕಾಣಿಸಿಕೊಂಡದ್ದು ಅದೇ ಮೊದಲು.

ಮಿಕ್ಕಿಬ್ಬರ ಗೋಲುಗಳೆರಡೂ ಬ್ರೆಜಿಲ್ ವಿಶ್ವಕಪ್‌ನಲ್ಲಿ ಬಂದಂಥವು. ವಾನ್ ಪರ್ಸಿ ಅಂದಿನ ವಿಶ್ವ ಚಾಂಪಿಯನ್ ಸ್ಪೇನ್ ವಿರುದ್ಧ ಗಾಳಿಯಲ್ಲಿ ಹಾರಿ ತಲೆಯಿಂದ ಹೊಡೆದಿದ್ದರು. ರೊಡ್ರಿಗಸ್ ಉರುಗ್ವೆ ವಿರುದ್ಧ, ರಿಯೊದ ಮರಕಾನಾ ಮೈದಾನದಲ್ಲಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ, ಎದೆಯಲ್ಲಿ ಚೆಂಡು ತಡೆದು ತಿರುಗಿ ವಾಲಿ ಬಾರಿಸಿದ್ದರು. ಅದನ್ನು ಪ್ರತಿಯೊಂದು ಕೋನದಿಂದ ಹಿಡಿದ ಕ್ಯಾಮೆರಾಗಳಿದ್ದವು, ನಿಧಾನಗತಿಯಲ್ಲಿ ತೋರಿಸುವ ಏರ್ಪಾಡಿತ್ತು. ರೋಚ್ ಅವರ ಗೋಲಿಗೆ ಇದ್ದದ್ದು ಒಂದೇ ಕೋನದ, ಮಸುಕು ಮಸುಕಾದ ಚಿತ್ರ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ಎಂದು ಜಗತ್ತಿಗೆ ಹೇಳಿದಂತಾಗಿತ್ತು.

2015ರ ಜನವರಿ 12ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಮಾರಂಭ. ರೊನಾಲ್ಡೊ, ಮೆಸ್ಸಿ ಕುಳಿತ ಸಭಾಂಗಣದಲ್ಲಿ ರೋಚ್ ಕೂಡ ಕುಳಿತಿದ್ದರು. ಶೇ 42ರಷ್ಟು ಮತ ಪಡೆದ ರೊಡ್ರಿಗಸ್ ಗೆದ್ದರು. ರೋಚ್‌ಗೆ ಶೇ 33 ಬಂತು. ವಾನ್ ಪರ್ಸಿಗೆ ಸಿಕ್ಕಿದ್ದು ಶೇ 11. ವಿಶ್ವಕಪ್‌ನ ಇತಿಹಾಸದಲ್ಲೇ ಹೆಸರಾಂತ ಗೋಲುಗಳಲ್ಲಿ ಒಂದಕ್ಕೆ ಬಂದದ್ದರ ಮೂರು ಪಟ್ಟು ಮತ ಫೆರಿಕ್ಯಾರಿಗ್ ಪಾರ್ಕ್‌ನ ಗೋಲಿಗೆ ಬಂದಿತ್ತು.

ಅಂದು ಆ ಸಭಾಂಗಣದಲ್ಲಿ ಕುಳಿತಿದ್ದ ರೋಚ್ ಯಾವ ಕ್ಲಬ್‌ನ ಆಟಗಾರ್ತಿಯೂ ಆಗಿರಲಿಲ್ಲ. 2014ರಲ್ಲಿ ಪೀಮೌಂಟ್ ಬಿಟ್ಟು ದಕ್ಷಿಣ ಫ್ರಾನ್ಸಿನ ಆಲ್ಬಿ ತಂಡ ಸೇರಿದ್ದವರು, ಸಮಾರಂಭಕ್ಕೆ ಕೆಲವೇ ದಿನ ಮೊದಲು ಅದರಿಂದ ಹೊರಬಂದಿದ್ದರು. ಜಗತ್ತಿನ ಎರಡನೆಯ ಅತ್ಯುತ್ತಮ ಗೋಲಿನ ಒಡತಿಗೆ ಆ ದಿನ ಆಡಲು ತಂಡವಿರಲಿಲ್ಲ. ಮಹಿಳಾ ಫುಟ್‌ಬಾಲ್‌ನ ಅಂದಿನ ಆರ್ಥಿಕ ಸ್ಥಿತಿ ಹೇಗಿತ್ತೆಂದು ತಿಳಿಯಲು ಇದೊಂದು ಸಂಗತಿ ಸಾಕು.

ಹೆಸರು ಬಂತು, ನೆಲೆ ಸಿಗಲಿಲ್ಲ

ಒಂದು ಗೋಲಿನಿಂದ ಬದುಕೇ ಬದಲಾಯಿತು ಎಂದು ಪತ್ರಿಕೆಗಳು ಬರೆದವು. ಮುಂದಿನ ಐದು ವರ್ಷಗಳ ಹಾದಿಯನ್ನು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ.

2015ರ ಫೆಬ್ರುವರಿಯಲ್ಲಿ ಅಮೆರಿಕದ ಹ್ಯೂಸ್ಟನ್ ಡ್ಯಾಶ್ ಕ್ಲಬ್ ರೋಚ್ ಅವರನ್ನು ಸೇರಿಸಿಕೊಂಡಿತು. ಅಮೆರಿಕದ ಮಹಿಳಾ ಲೀಗ್ ಆಗ ಜಗತ್ತಿನ ಬಲಿಷ್ಠ ಲೀಗ್‌ಗಳಲ್ಲೊಂದು ಎಂದು ಹೆಸರಾಗಿತ್ತು. ಆದರೂ ಆ ವರ್ಷ ಅಲ್ಲಿ ಆಟಗಾರ್ತಿಯ ಕನಿಷ್ಠ ಸಂಬಳ ಒಂದು ಋತುವಿಗೆ 6,842 ಡಾಲರ್, ಗರಿಷ್ಠ 37,800. ಜೊತೆಗೆ ಪ್ರತಿ ಕ್ಲಬ್‌ಗೂ ಹೊರದೇಶದವರಿಗೆಂದು ಇಂತಿಷ್ಟೇ ಸ್ಥಾನ. ಹೆಚ್ಚು ಬೇಕಾದ ಇನ್ನೊಬ್ಬರು ಹೊರಗಿನಿಂದ ಬಂದರೆ ಇದ್ದವರೊಬ್ಬರು ಜಾಗ ಬಿಡಬೇಕು. ರೋಚ್ ಮೈದಾನಕ್ಕಿಳಿದದ್ದು ಎಣಿಸಿದಷ್ಟು ಸಲ. ಋತು ಮುಗಿಯುವ ಮೊದಲೇ, ಆ ಬೇಸಿಗೆಯಲ್ಲಿ, ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು.

ಅಲ್ಲಿಂದ ಇಂಗ್ಲೆಂಡಿನ ಸಂಡರ್‌ಲೆಂಡ್. ಮಹಿಳಾ ಫುಟ್‌ಬಾಲ್‌ನಲ್ಲಿ ಅದು ಸಾಮಾನ್ಯ ಹೆಸರಲ್ಲ. ಸ್ಟೆಫ್ ಹೌಟನ್, ಲೂಸಿ ಬ್ರಾಂಜ್, ಜಿಲ್ ಸ್ಕಾಟ್ ಅವರಂಥ ಇಂಗ್ಲೆಂಡಿನ ತಾರೆಯರು ಆಡಿ ಬೆಳೆದದ್ದು ಅಲ್ಲೇ. ರೋಚ್ ಸೇರಿದಾಗ ತಂಡದ ಮುಂಪಡೆಯಲ್ಲಿ ಬೆತ್ ಮೀಡ್ ಎಂಬ ಎಳೆಯ ಆಟಗಾರ್ತಿ ಇದ್ದರು. 2022ರ ಯುರೋ ಕಪ್‌ನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡದ್ದು ಇದೇ ಮೀಡ್. ಇಷ್ಟೆಲ್ಲ ಇದ್ದರೂ ಕ್ಲಬ್‌ನ ಹಣದ ಚೀಲ ಸೊರಗಿತ್ತು. 2017ರಲ್ಲಿ ಸಂಡರ್‌ಲೆಂಡ್ ತನ್ನ ಮಹಿಳಾ ತಂಡವನ್ನು ಪೂರ್ಣಾವಧಿಯಿಂದ ಅರೆಕಾಲಿಕ ವ್ಯವಸ್ಥೆಗೆ ಇಳಿಸಿತು. ಮರುವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮೇಲಿನ ಎರಡು ಹಂತಗಳ ಪರವಾನಗಿಯನ್ನು ಹೊಸದಾಗಿ ಹಂಚಿದಾಗ ಸಂಡರ್‌ಲೆಂಡ್‌ಗೆ ಯಾವುದೂ ದಕ್ಕಲಿಲ್ಲ. ಮೈದಾನದ ಸೋಲುಗಳಿಂದಲ್ಲ, ಪರವಾನಗಿ ಸಿಗದೆ ತಂಡ ಮೂರನೆಯ ಹಂತಕ್ಕೆ ಬಿತ್ತು. ಆಟಗಾರ್ತಿಯರು ಚೆದುರಿದರು. ರೋಚ್ ಇಟಲಿಗೆ ಹೋಗಿ ಟಸ್ಕನಿಯ ಫ್ಲೊರೆಂಶಿಯಾ ತಂಡ ಸೇರಿದರು.

ಫ್ರಾನ್ಸ್, ಅಮೆರಿಕ, ಇಂಗ್ಲೆಂಡ್, ಇಟಲಿ. ಈ ಅಲೆದಾಟಕ್ಕೆ ಆಟದ ಕೊರತೆಯೊಂದನ್ನೇ ಕಾರಣವಾಗಿ ಹೇಳಿ ಮುಗಿಸುವುದು ಅನ್ಯಾಯ. ಆ ದಶಕದಲ್ಲಿ ಯುರೋಪಿನ ಎಷ್ಟೋ ಆಟಗಾರ್ತಿಯರು ಹೀಗೆಯೇ ವರ್ಷಕ್ಕೊಂದು ಊರು ಸುತ್ತಿದರು. ಒಪ್ಪಂದಗಳು ಚಿಕ್ಕವು, ಸಂಬಳ ಕಡಿಮೆ, ಕ್ಲಬ್‌ಗೆ ಹಣದ ಅಡಚಣೆ ಬಂದಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ಮಹಿಳಾ ತಂಡದ ಮೇಲೆ. ರೋಚ್ ಅವರ ಹೆಸರು ಜಗತ್ತಿಗೆ ತಿಳಿದಿದ್ದರಿಂದ ಅವರ ಅಲೆದಾಟ ಕಣ್ಣಿಗೆ ಬಿತ್ತು. ಉಳಿದವರದ್ದು ಸುದ್ದಿಯಾಗಲಿಲ್ಲ, ಅಷ್ಟೇ.

ಲಿಬರ್ಟಿ ಹಾಲ್‌ನ ಮಧ್ಯಾಹ್ನ

ಈ ಕಥೆಯಲ್ಲಿ ಆ ಗೋಲಿಗಿಂತ ದೊಡ್ಡದೆಂದು ನಾನು ಎಣಿಸುವ ದಿನ 2017ರ ಏಪ್ರಿಲ್ 4.

ಡಬ್ಲಿನ್‌ನಲ್ಲಿ ಲಿಫಿ ನದಿಯ ದಂಡೆಯ ಮೇಲೆ ಲಿಬರ್ಟಿ ಹಾಲ್ ಎಂಬ ಎತ್ತರದ ಕಟ್ಟಡವಿದೆ. ಐರ್ಲೆಂಡಿನ ಕಾರ್ಮಿಕ ಸಂಘಟನೆಯ ಕೇಂದ್ರಸ್ಥಾನ ಅದು. ಅದೇ ಜಾಗದಲ್ಲಿದ್ದ ಹಳೆಯ ಕಟ್ಟಡದಿಂದಲೇ 1916ರ ಈಸ್ಟರ್ ದಂಗೆಯ ದಿನ ಜೇಮ್ಸ್ ಕಾನೊಲಿ ಮತ್ತವರ ಸಂಗಡಿಗರು ಹೊರಟದ್ದು. ಐರಿಷ್ ದುಡಿಯುವ ಜನಕ್ಕೆ ಆ ಹೆಸರಿನ ತೂಕವೇ ಬೇರೆ. ಅಂಥ ಜಾಗದಲ್ಲಿ ಐರ್ಲೆಂಡ್ ಮಹಿಳಾ ತಂಡದ ಆಟಗಾರ್ತಿಯರು ಪತ್ರಿಕಾಗೋಷ್ಠಿ ಕರೆದರು. ನಾಯಕಿ, ಗೋಲ್‌ಕೀಪರ್ ಎಮ್ಮಾ ಬರ್ನ್ ಜೊತೆ ಆಟಗಾರ್ತಿಯರು ಸಾಲಾಗಿ ಕುಳಿತರು. ಅವರಲ್ಲಿ ರೋಚ್ ಕೂಡ ಇದ್ದರು.

ಅವರು ಹೇಳಿದ್ದು ಕೇಳಿ ದೇಶ ಬೆಚ್ಚಿತು. ರಾಷ್ಟ್ರೀಯ ತಂಡದ ಆಟಗಾರ್ತಿಯರಿಗೆ ತಮ್ಮದೇ ಟ್ರ್ಯಾಕ್‌ಸೂಟ್ ಇರಲಿಲ್ಲ. ಕಿರಿಯರ ತಂಡಗಳ ಜೊತೆ ಹಂಚಿಕೊಳ್ಳಬೇಕಿತ್ತು. ಪ್ರಯಾಣಕ್ಕೆ ಹೊರಡುವಾಗ, ಹಿಂದಿರುಗಿದಾಗ ವಿಮಾನ ನಿಲ್ದಾಣದ ಶೌಚಾಲಯಕ್ಕೆ ಹೋಗಿ ಬಟ್ಟೆ ಬದಲಿಸಿ, ಟ್ರ್ಯಾಕ್‌ಸೂಟ್ ಬಿಚ್ಚಿಕೊಟ್ಟು ಮನೆಗೆ ಹೋಗಬೇಕಿತ್ತು. ದೇಶಕ್ಕಾಗಿ ಆಡಲು ಕೆಲಸಕ್ಕೆ ರಜೆ ಹಾಕಿದರೆ ಆ ದಿನಗಳ ಕೂಲಿ ಖೋತಾ, ಅದನ್ನು ತುಂಬಿಕೊಡುವವರಿಲ್ಲ. ಕೇಳಿದ್ದಾದರೂ ಏನು? ಪಂದ್ಯಕ್ಕೆ ಒಂದಿಷ್ಟು ಭತ್ಯೆ, ಕಳೆದುಕೊಂಡ ದುಡಿಮೆಗೆ ಪರಿಹಾರ, ಸ್ವಂತದ ಬಟ್ಟೆ, ವ್ಯಾಯಾಮಶಾಲೆಯ ಸದಸ್ಯತ್ವ, ತಂಗುವ ಹೋಟೆಲಿನಲ್ಲಿ ವೈಫೈ. ಅವರ ಪರ ಮಾತನಾಡಿದ ಆಟಗಾರರ ಸಂಘದ ವಕೀಲರು, ಈ ಹೆಣ್ಣುಮಕ್ಕಳನ್ನು ಎರಡನೆಯ ದರ್ಜೆಯವರಂತಲ್ಲ, ಐದನೆಯ ದರ್ಜೆಯವರಂತೆ ನಡೆಸಿಕೊಳ್ಳಲಾಗುತ್ತಿದೆ ಎಂದರು.

ಸ್ಲೊವಾಕಿಯಾ ವಿರುದ್ಧದ ಪಂದ್ಯಕ್ಕೆ ಆರು ದಿನ ಉಳಿದಿತ್ತು. ಬೇಡಿಕೆ ಈಡೇರದಿದ್ದರೆ ಆಡುವುದಿಲ್ಲ ಎಂಬುದು ಆಟಗಾರ್ತಿಯರ ನಿಲುವು. ಫುಟ್‌ಬಾಲ್ ಸಂಸ್ಥೆ ಮೊದಲು ಬಿಗಿಯಾಗಿ ನಿಂತಿತು. ಆದರೆ ವಿಮಾನ ನಿಲ್ದಾಣದ ಶೌಚಾಲಯದ ಚಿತ್ರ ಜನರ ಮನಸ್ಸಿನಿಂದ ಅಳಿಯುವಂಥದ್ದಾಗಿರಲಿಲ್ಲ. ದೀರ್ಘ ಮಾತುಕತೆಯ ನಂತರ ಏಪ್ರಿಲ್ 6ರ ನಸುಕಿನಲ್ಲಿ ಒಪ್ಪಂದವಾಯಿತು. ಏಪ್ರಿಲ್ 10ರಂದು ಟಾಲಾ ಮೈದಾನದಲ್ಲಿ ಐರ್ಲೆಂಡ್ 1–0ರಿಂದ ಗೆದ್ದಿತು. ಗೋಲು ಹೊಡೆದದ್ದು ಹದಿಹರೆಯದ ಲಿಯಾನ್ ಕೀರ್ನನ್.

ಜ್ಯೂರಿಕ್‌ನಲ್ಲಿ ಕುಳಿತ ರೋಚ್ ಒಬ್ಬಂಟಿಯಾಗಿದ್ದರು. ಲಿಬರ್ಟಿ ಹಾಲ್‌ನಲ್ಲಿ ತಂಡದ ಜೊತೆಗಿದ್ದರು. ಮೊದಲನೆಯದರಿಂದ ಅವರಿಗೆ ಹೆಸರು ಬಂತು. ಎರಡನೆಯದರಿಂದ ಅವರ ನಂತರ ಬರುವ ಪ್ರತಿ ಹುಡುಗಿಗೂ ಸ್ವಂತದ ಟ್ರ್ಯಾಕ್‌ಸೂಟ್ ಬಂತು. ಗೋಲಿನ ವಿಡಿಯೊ ಕೋಟಿ ಸಲ ಓಡಿದ್ದರೂ ಆಗದ ಕೆಲಸ ಆಟಗಾರ್ತಿಯರು ಒಟ್ಟಿಗೆ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದ್ದರಿಂದ ಆಯಿತು. ದೊಡ್ಡ ಹೆಸರಿದ್ದವರು ಬಾಯಿ ಮುಚ್ಚಿಕೊಂಡಿರುವುದು ಸುಲಭ, ಅದರಿಂದ ಲಾಭವೂ ಇದೆ. ಪುಷ್ಕಾಷ್ ಪಟ್ಟಿಯ ಹೆಸರೊಂದು ಆ ಸಾಲಿನಲ್ಲಿ ಕುಳಿತದ್ದು ಅದಕ್ಕೇ ಮುಖ್ಯ.

ಪೀಮೌಂಟ್‌ಗೆ ಮರಳಿ

ಅದೇ 2017ರ ಸೆಪ್ಟೆಂಬರ್‌ನಲ್ಲಿ, ಉತ್ತರ ಐರ್ಲೆಂಡ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ರೋಚ್ ಅವರ ಕಾಲಿನ ಮೂಳೆ ಮುರಿಯಿತು. ತಿಂಗಳುಗಟ್ಟಲೆ ಆಟವಿಲ್ಲ. ವೇಗ ಮತ್ತು ತಿರುವುಗಳನ್ನೇ ನೆಚ್ಚಿದ ಸ್ಟ್ರೈಕರ್‌ಗೆ ಮೂವತ್ತರ ಹತ್ತಿರ ಬರುವಾಗ ಇಂಥ ಪೆಟ್ಟು ಬಿದ್ದರೆ ಮುಂದಿನ ದಾರಿ ಕಠಿಣವೇ. ಅವರು ಆಟ ಬಿಡಲಿಲ್ಲ. 2020ರಲ್ಲಿ ಪೀಮೌಂಟ್‌ಗೆ ವಾಪಸಾದರು. ಕೋವಿಡ್‌ನಿಂದ ಮೊಟಕಾದ ಆ ವರ್ಷ ಪೀಮೌಂಟ್ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. ಜಗತ್ತು ಸುತ್ತಿ ಬಂದ ಆಟಗಾರ್ತಿ ತಮ್ಮ ಹಳೆಯ ಕ್ಲಬ್‌ನಲ್ಲೇ ಪ್ರಶಸ್ತಿ ಎತ್ತಿದರು. ಮುಂದೆ ದೂರದರ್ಶನದಲ್ಲಿ ಪಂದ್ಯಗಳ ವಿಶ್ಲೇಷಕಿಯಾಗಿಯೂ ಕಾಣಿಸಿಕೊಂಡರು.

ಇತ್ತ ಲಿಬರ್ಟಿ ಹಾಲ್‌ನಲ್ಲಿ ಬಿತ್ತಿದ್ದು ಫಲ ಕೊಡತೊಡಗಿತ್ತು. 2021ರ ಆಗಸ್ಟ್‌ನಲ್ಲಿ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ದೇಶದ ಪರ ಆಡುವ ಪುರುಷರಿಗೂ ಮಹಿಳೆಯರಿಗೂ ಇನ್ನು ಮುಂದೆ ಪಂದ್ಯಶುಲ್ಕ ಒಂದೇ ಎಂದು ಪ್ರಕಟಿಸಿತು. ಅದಕ್ಕಾಗಿ ಪುರುಷರ ತಂಡ ತನ್ನ ಶುಲ್ಕವನ್ನು ತಗ್ಗಿಸಿಕೊಳ್ಳಲು ಒಪ್ಪಿತ್ತು. ನಾಯಕರಾದ ಕೇಟಿ ಮೆಕೇಬ್ ಮತ್ತು ಶೇಮಸ್ ಕೋಲ್ಮನ್ ಒಟ್ಟಾಗಿ ನಿಂತು ಸಾಧಿಸಿದ ಒಪ್ಪಂದ ಅದು.

2022ರ ಅಕ್ಟೋಬರ್ 11. ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್. ವಿಶ್ವಕಪ್‌ಗೆ ಹೋಗಲು ಐರ್ಲೆಂಡ್ ಸ್ಕಾಟ್ಲೆಂಡನ್ನು ಸೋಲಿಸಲೇಬೇಕು. ನಾಲ್ಕು ದಿನ ಹಿಂದೆ ಐರ್ಲೆಂಡಿನ ವಾಯವ್ಯದ ಡೊನೆಗಾಲ್ ಜಿಲ್ಲೆಯ ಕ್ರೀಸ್ಲಾ ಎಂಬ ಹಳ್ಳಿಯಲ್ಲಿ, ಪೆಟ್ರೋಲ್ ಬಂಕ್ ಬಳಿ ಸ್ಫೋಟವಾಗಿ ಹತ್ತು ಮಂದಿ ಸತ್ತಿದ್ದರು. ದೇಶ ಶೋಕದಲ್ಲಿತ್ತು. ಮೊದಲಾರ್ಧದಲ್ಲಿ ಸ್ಕಾಟ್ಲೆಂಡಿನ ಪೆನಾಲ್ಟಿಯನ್ನು ಐರಿಷ್ ಗೋಲ್‌ಕೀಪರ್ ಕರ್ಟ್ನಿ ಬ್ರಾಸ್ನನ್ ತಡೆದರು. 72ನೇ ನಿಮಿಷದಲ್ಲಿ, ಬದಲಿ ಆಟಗಾರ್ತಿಯಾಗಿ ಬಂದಿದ್ದ ಆ್ಯಂಬರ್ ಬ್ಯಾರೆಟ್ ರಕ್ಷಣಾ ಸಾಲನ್ನು ಸೀಳಿಕೊಂಡು ನುಗ್ಗಿ ಗೋಲು ಹೊಡೆದರು. ಬ್ಯಾರೆಟ್ ಅದೇ ಡೊನೆಗಾಲ್‌ನ ಮಿಲ್ಫರ್ಡ್ ಊರಿನವರು. ಕ್ರೀಸ್ಲಾ ಅವರ ಹಿರಿಯರ ಊರು. ತೋಳಿನ ಕಪ್ಪು ಪಟ್ಟಿಗೆ ಮುತ್ತಿಟ್ಟರು. ಪಂದ್ಯ 1–0ಕ್ಕೆ ಮುಗಿಯಿತು. ಐರ್ಲೆಂಡಿನ ಮಹಿಳೆಯರು ಮೊದಲ ಬಾರಿ ವಿಶ್ವಕಪ್‌ಗೆ ಹೊರಟರು. ಬ್ಯಾರೆಟ್ ಜರ್ಮನಿಗೆ ಹೋಗುವ ಮೊದಲು ಗೋಲುಗಳ ಮಳೆಗರೆದದ್ದು ಯಾವ ಕ್ಲಬ್‌ಗೆ? ಪೀಮೌಂಟ್ ಯುನೈಟೆಡ್‌ಗೆ.

2023ರ ಜುಲೈ 20ರಂದು ಸಿಡ್ನಿಯಲ್ಲಿ ಐರ್ಲೆಂಡ್ ತನ್ನ ಮೊದಲ ವಿಶ್ವಕಪ್ ಪಂದ್ಯ ಆಡಿದಾಗ ಮೈದಾನದಲ್ಲಿದ್ದವರು 75,784 ಮಂದಿ. ಆಸ್ಟ್ರೇಲಿಯಾ 1–0ರಿಂದ ಗೆದ್ದಿತು. ಕೆನಡಾ ವಿರುದ್ಧ ಮೆಕೇಬ್ ಕಾರ್ನರ್‌ನಿಂದ ಹೊಡೆದ ಚೆಂಡು ನೇರವಾಗಿ ಬಲೆ ಸೇರಿತಾದರೂ ಆ ಪಂದ್ಯವೂ ಕೈತಪ್ಪಿತು. ನೈಜೀರಿಯಾ ಜೊತೆ ಸಮ. ಗುಂಪು ಹಂತದಲ್ಲೇ ಪಯಣ ಮುಗಿಯಿತು. ಎರಡು ತಿಂಗಳ ಬಳಿಕ, ಸೆಪ್ಟೆಂಬರ್ 23ರಂದು, ಡಬ್ಲಿನ್‌ನ ಅವೀವಾ ಕ್ರೀಡಾಂಗಣದಲ್ಲಿ ಮೊದಲ ಬಾರಿ ಮಹಿಳಾ ತಂಡದ ಪಂದ್ಯ ನಡೆಯಿತು. ಉತ್ತರ ಐರ್ಲೆಂಡ್ ವಿರುದ್ಧ ಮೂರು ಗೋಲುಗಳ ಗೆಲುವು. ನೋಡಲು 35,944 ಜನ. ಅಂದು ಐರ್ಲೆಂಡ್ ತಂಡದ ಹಂಗಾಮಿ ಮ್ಯಾನೇಜರ್ ಆಗಿ ಮೈದಾನದಂಚಿನಲ್ಲಿ ನಿಂತಿದ್ದವರು ಐಲೀನ್ ಗ್ಲೀಸನ್, ಹಿಂದೆ ರೋಚ್ ಆಡಿದ ಪೀಮೌಂಟ್ ತಂಡವನ್ನು ನಡೆಸಿದವರು.

ತೂಕ ಹಾಕುವುದು ಹೇಗೆ

ರೋಚ್ ಅವರನ್ನು ಒಂದೇ ಗೋಲಿನ ಆಟಗಾರ್ತಿ ಎನ್ನುವವರಿದ್ದಾರೆ. ಅದು ಚರಿತ್ರೆಯನ್ನು ಅರಿಯದ ಮಾತು. ಲೀಗ್ ಇಲ್ಲದ ಕಾಲದಲ್ಲಿ ಆಟ ಕಲಿತು, ಲೀಗ್ ಕಟ್ಟಿದ ಪೀಳಿಗೆಯಲ್ಲಿ ಆಡಿ, ನಾಲ್ಕು ಪರದೇಶಗಳಲ್ಲಿ ದುಡಿದು, ಮುರಿದ ಕಾಲು ವಾಸಿ ಮಾಡಿಕೊಂಡು ಮರಳಿ ಬಂದು ಪ್ರಶಸ್ತಿ ಗೆದ್ದವರನ್ನು ಒಂದು ವಿಡಿಯೊ ತುಣುಕಿಗೆ ಇಳಿಸಬಾರದು. ಆ ಗೋಲು ಅದೃಷ್ಟದಿಂದ ಬಂದದ್ದಲ್ಲ, ವರ್ಷಗಳ ಅಭ್ಯಾಸದಿಂದ ಬಂದದ್ದು. ಅದು ಕ್ಯಾಮೆರಾಗೆ ಸಿಕ್ಕಿದ್ದು ಮಾತ್ರ ಅದೃಷ್ಟ.

ಪೌಲಾ ಗೋರಮ್ ಅವರ ಮೂರು ಗೋಲು, ಆ್ಯನ್ ಓಬ್ರಿಯನ್ ಇಟಲಿಯಲ್ಲಿ ಹೊಡೆದ ಗೋಲುಗಳು, ಒಲಿವಿಯಾ ಓಟೂಲ್ ಅವರ 54. ಇವುಗಳಲ್ಲಿ ಫೆರಿಕ್ಯಾರಿಗ್ ಪಾರ್ಕ್‌ನ ಗೋಲಿಗೆ ಸರಿಸಾಟಿಯಾದವು ಇದ್ದಿರಲೂ ಬಹುದು. ಹೆಣ್ಣಿನ ಆಟ ಕೀಳು ಮಟ್ಟದ್ದೆಂದು ಜಗತ್ತು ಅಷ್ಟು ಕಾಲ ನಂಬಿದ್ದಕ್ಕೆ ಮುಖ್ಯ ಕಾರಣ, ಜಗತ್ತು ಅದನ್ನು ನೋಡಿಯೇ ಇರಲಿಲ್ಲ. ನೋಡಿದ ಮೊದಲ ಸಲವೇ ಮತ ಹಾಕಿದವರಲ್ಲಿ ಮೂವರಿಗೊಬ್ಬರು ಅದನ್ನು ವರ್ಷದ ಅತ್ಯುತ್ತಮ ಎಂದರು. ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪುಷ್ಕಾಷ್ ಪ್ರಶಸ್ತಿ ಯಾವ ಹೆಣ್ಣಿಗೂ ಸಿಗಲಿಲ್ಲ. ರೋಚ್ ನಂತರ 2017ರಲ್ಲಿ ವೆನೆಜುವೆಲಾದ ಡೇನಾ ಕಾಸ್ಟೆಲ್ಯಾನೋಸ್ ಕೊನೆಯ ಮೂವರಲ್ಲಿ ಒಬ್ಬರಾಗಿದ್ದರು, ಗೆಲ್ಲಲಿಲ್ಲ. 2024ರಲ್ಲಿ ಫಿಫಾ ಮಹಿಳೆಯರ ಗೋಲಿಗೆಂದೇ ಬ್ರೆಜಿಲ್‌ನ ಮಾರ್ತಾ ಹೆಸರಿನಲ್ಲಿ ಬೇರೆ ಪ್ರಶಸ್ತಿ ತಂದಿತು. ಹೀಗಾಗಿ ಗಂಡಸರ ಗೋಲುಗಳ ಜೊತೆ ಒಂದೇ ಪಟ್ಟಿಯಲ್ಲಿ ನಿಂತು, ಜಗತ್ತಿನ ಮತದಲ್ಲಿ ಎರಡನೆಯ ಸ್ಥಾನ ಪಡೆದ ಮಹಿಳೆ ಎಂಬ ದಾಖಲೆ ಶಾಂಕಿಲ್‌ನ ಸ್ಟೆಫನಿ ರೋಚ್ ಅವರ ಹೆಸರಿನಲ್ಲಿದೆ.